ಬಚ್ಚಲಿನಿಂದ ಗಾಡಿಗೆ

ನಾನು ಮುಖ ಮುರಿದವರ ಡಾಕ್ಟರು. "ಹಲ್ಲಿನ ಡಾಕ್ಟರೇನ್ರಿ?" ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಲ್ಲು ನನ್ನ ಕೆಲಸದಲ್ಲಿ ಬರುವುದಿಲ್ಲವೆಂದಲ್ಲ, ಬರುತ್ತದೆ. ಆದರೆ ದವಡೆ, ಮೂಗು, ಗಲ್ಲದ ಎಲುಬು, ಕಣ್ಣಿನ ಕೆಳಗಿನ ಗೂಡು, ಇವನ್ನೆಲ್ಲ ಕೂಡಿಸುವವರು ಯಾರು? ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಷ್ಟು ವರ್ಷ ಅದನ್ನೇ ಮಾಡುತ್ತ ಬಂದಿದ್ದೇನೆ. ಆದರೂ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಹಬ್ಬಕ್ಕೆ ಸೇರಿದ ಬಂಧು ಬಳಗ ಇವತ್ತಿಗೂ ನನ್ನೆದುರು ಆ ಎಂದು ಬಾಯಿ ತೆರೆದು, "ಹಿಂದಿನ ದಾಡಿ ಹಲ್ಲು ಒಂಚೂರು ನೋಡವಾ" ಎನ್ನುತ್ತದೆ. ಅದೂ ಹೋಳಿಗೆ ಬಾಯಲ್ಲಿ ಇರುವಾಗಲೇ.

ಮುರಿದ ಮುಖಗಳನ್ನು ನೋಡಿ ನೋಡಿ ನನಗೆ ತಿಳಿದ ಸಂಗತಿ ಒಂದೇ. ಮಂದಿ ಬದುಕುವ ರೀತಿ ಬದಲಾದಂತೆ ಮುಖ ಮುರಿದುಕೊಳ್ಳುವ ರೀತಿಯೂ ಬದಲಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎತ್ತು ಹಾಯ್ದವರು, ಆಕಳ ಒದೆ ತಿಂದವರು, ಹುಣಸೆ ಮರದಿಂದ ಬಿದ್ದವರು ಬರುತ್ತಿದ್ದರು. ಎತ್ತು ಹಾಯ್ದ ರೈತ ಎತ್ತಿನ ವಕೀಲನಾಗಿಬಿಡುತ್ತಿದ್ದ. "ಅದರದೇನ್ ತಪ್ಪಿಲ್ರಿ, ನಾನ ಅಡ್ಡ ಹೋದ್ನಿ." ಹೊಲದ ಬದುವಿಗಾಗಿ ಬಡಿದಾಡಿದ ಅಣ್ಣತಮ್ಮಂದಿರು ಪಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿ ಒಂದೇ ತಂಬಿಗೆಯ ಗಂಜಿ ಹಂಚಿಕೊಂಡು ಕುಡಿಯುತ್ತಿದ್ದರು. ಊರವರು ನೋಡಲು ಬಂದಾಗ ಮಾತ್ರ ಒಬ್ಬ ಆ ಗೋಡೆಗೆ, ಇನ್ನೊಬ್ಬ ಈ ಗೋಡೆಗೆ ಮುಖ ತಿರುಗಿಸುತ್ತಿದ್ದರು.

ಆಮೇಲೆ ಮೋಟರ್ ಸೈಕಲ್ಲುಗಳ ಕಾಲ. ಮೂವರು ಕೂತು ಬೀಳುತ್ತಿದ್ದರು, ಕೇಳಿದರೆ ಮೂವರೂ "ನಾ ಹಿಂದ ಕುಂತಿದ್ನಿ" ಎನ್ನುತ್ತಿದ್ದರು. ಹೆಲ್ಮೆಟ್ ಹಾಕಲೇಬೇಕು ಎಂದು ಕಾಯ್ದೆ ಬಿಗಿಯಾದಾಗ ನಮ್ಮ ಮಂದಿ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡರು. ಹುಬ್ಬಳ್ಳಿಯ ಮೊಣಕೈಗಳಿಗೆ ಆಗ ಒಂದು ಗೀರೂ ಬೀಳಲಿಲ್ಲ. ಈಗ ಫೋನು ನೋಡುತ್ತ ನಡೆದು ತಾವಾಗಿಯೇ ಹೋಗಿ ಲೈಟಿನ ಕಂಬಕ್ಕೆ ಮುಖ ಕೊಟ್ಟವರು ಬರುತ್ತಾರೆ. ಅವರಲ್ಲೊಬ್ಬ, "ನಿನ್ನಿ ಅಲ್ಲಿ ಕಂಬ ಇರಲಿಲ್ರಿ" ಎಂದು ನನ್ನ ಮೇಲೆಯೇ ಏರಿ ಬಂದ. ನಾನೇನು ರಾತ್ರೋರಾತ್ರಿ ಹೋಗಿ ನೆಟ್ಟಿದ್ದೆನೆ?

ಧಾರವಾಡದವರ ದವಡೆಯ ಕತೆಯೇ ಬೇರೆ, ಅವರದು ಎಲ್ಲ ನಯ. ಒಬ್ಬ ನಿವೃತ್ತ ಮಾಸ್ತರರು ಸತ್ಕಾರ ಸಮಾರಂಭವೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತು ಆಕಳಿಸಿದಾಗ ದವಡೆಯ ಕೀಲು ಜಾರಿ, ತೆರೆದ ಬಾಯಿ ತೆರೆದಂತೆಯೇ ನಿಂತಿತು. ಭಾಷಣ ಮಾಡುತ್ತಿದ್ದವರು, ಇವರು ತಮ್ಮ ಮಾತಿಗೆ ಬೆರಗಾಗಿದ್ದಾರೆಂದು ತಿಳಿದು ಇನ್ನಷ್ಟು ಹೊತ್ತು ಮಾತಾಡಿದರಂತೆ. ಕೀಲು ಕೂಡಿಸಿದ ಮೇಲೆ ಮಾಸ್ತರರು ಆಡಿದ ಮೊದಲ ಮಾತು, "ಇನ್ನೂ ಮುಗಿದಿರಲಿಕ್ಕಿಲ್ಲ ಬಿಡ್ರಿ, ಹೋಗಿ ಕೂಡಬಹುದು."

ಹೆಂಗಸರದು ಮಾತ್ರ ಬಹಳ ವರ್ಷ ಒಂದೇ ಕತೆಯಾಗಿತ್ತು. "ಬಚ್ಚಲದಾಗ ಜಾರಿ ಬಿದ್ದೇನ್ರಿ." ಎಡಗಲ್ಲ ಊದಿ ಕಣ್ಣು ಮುಚ್ಚಿರುತ್ತಿತ್ತು. ಪಕ್ಕದಲ್ಲಿ ನಿಂತ ಗಂಡ ಛತ್ತು ನೋಡುತ್ತಿರುತ್ತಿದ್ದ. ನಮ್ಮ ಕಡೆಯ ಬಚ್ಚಲುಗಳು ಹೆಂಗಸರಿಗಷ್ಟೇ ಜಾರುತ್ತಿದ್ದವು. ಗಂಡಸರು ಜಳಕವನ್ನೇ ಮಾಡುತ್ತಿರಲಿಲ್ಲವೋ ಏನೋ. ಎಷ್ಟು ಪುಸಲಾಯಿಸಿ ಕೇಳಿದರೂ ಬಚ್ಚಲು ಬಚ್ಚಲೇ. ಎಲುಬು ಕೂಡಿಸಿ ಆಕೆಯನ್ನು ಮತ್ತೆ ಅದೇ ಮನೆಗೆ ಕಳಿಸಿಕೊಡುತ್ತಿದ್ದೆ.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ನನಗಿಂತ ಮೊದಲಿನಿಂದ ಅಲ್ಲಿದ್ದವರು, ನನಗಿಂತ ಹೆಚ್ಚು ಬಚ್ಚಲುಗಳನ್ನು ಕಂಡವರು. ಅವರ ವಾರ್ಡಿನಲ್ಲಿ ಗಂಡಂದಿರಿಗೆ ಕುರ್ಚಿ ಸಿಗುತ್ತಿರಲಿಲ್ಲ, ನಿಂತೇ ಇರಬೇಕು. ಇತ್ತೀಚಿನ ವರ್ಷಗಳಲ್ಲಿ ಬಚ್ಚಲು ಕಡಿಮೆಯಾಗಿ ಹೆಂಗಸರು ತಮ್ಮ ಸ್ವಂತ ಸ್ಕೂಟರಿನಿಂದ ಬಿದ್ದು ಬರತೊಡಗಿದಾಗ ನನಗೆ ಒಳಗೊಳಗೆ ಖುಷಿಯಾಯಿತು. ಡಾಕ್ಟರಾದವರು ಹಾಗೆ ಖುಷಿಪಡಬಾರದು, ಆದರೂ ಆಯಿತು. ಸಿಸ್ಟರ್ ಮಾತ್ರ ನಂಬಲಿಲ್ಲ. "ಮೊದಲ ಬಚ್ಚಲಾ, ಈಗ ಗಾಡಿ. ಸುಳ್ಳು ಸುಧಾರಣಾ ಆಗ್ಯಾವ್ರಿ ಡಾಕ್ಟರ್ ಬಾಯಾರ, ಗಂಡಸರೇನ್ ಆಗಿಲ್ಲ."

ಹೀಗಿರುವಾಗ ಹುಬ್ಬಳ್ಳಿ ಹತ್ತಿರದ ಶಿರಗುಪ್ಪಿಯಿಂದ ಒಬ್ಬ ಅಕ್ಕ ಬಂದಳು. ವಯಸ್ಸು ಐವತ್ತರ ಹತ್ತಿರ, ಹಣೆಯಲ್ಲಿ ವಿಭೂತಿ, ಗದ್ದದಲ್ಲಿ ಸೀಳಿದ ಗಾಯ, ಎರಡೂ ಅಂಗೈ ತರಚಿ ಹೋಗಿದ್ದವು. ಮುಖ ಕುಂಬಳಕಾಯಿಯಂತೆ ಊದಿ ಮಾತು ಹೊರಡುತ್ತಿರಲಿಲ್ಲ. ಕರೆತಂದ ಗಂಡ ಬಿಳಿ ಟೋಪಿಯ ಸಣಕಲು ಮನುಷ್ಯ.

"ಏನಾತ್ರಿ?" ಎಂದೆ.

"ಗಾಡಿ ಮ್ಯಾಲಿಂದ ಬಿದ್ಲರಿ. ಹುಬ್ಬಳ್ಳಿಗೆ ಬರೂ ಮುಂದ ಹಂದಿ ಅಡ್ಡ ಬಂತಂತ."

ಸಿಸ್ಟರ್ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಗಾಡಿಯೇ ನಂಬಿಕೆಗೆ ದೂರ, ಅದರ ಮೇಲೆ ಹಂದಿ ಬೇರೆ.

ಆಕೆ ಜೋಳದ ರೊಟ್ಟಿ ಬಡಿದು ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಡುತ್ತಿದ್ದಳೆಂದು ಗಂಡನೇ ಹೇಳಿದ. ಮೊದಲು ರೊಟ್ಟಿಯ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತು ಕಾಯಬೇಕಿತ್ತಂತೆ. ಗಂಡನಿಗೋ ಮೈದುನನ ಮಗನಿಗೋ ಪುರುಸೊತ್ತು ಆದರೆ ರೊಟ್ಟಿ ಹೋಗುತ್ತಿತ್ತು, ಇಲ್ಲದಿದ್ದರೆ ದನಕ್ಕೆ. ಕೊನೆಗೆ ರೊಟ್ಟಿಯ ದುಡ್ಡಿನಲ್ಲೇ ಸ್ಕೂಟರ್ ಕೊಂಡು, ತಾನೇ ಕಲಿತು, ತಾನೇ ಒಯ್ಯತೊಡಗಿದ್ದಳು. ಬಿದ್ದಾಗ ರಸ್ತೆಯ ತುಂಬ ಕಡಕ್ ರೊಟ್ಟಿ ಚೂರಾಗಿ ಹರಡಿದ್ದವಂತೆ. "ಹಂದಿ ತಿಂದು ಹೋತ್ರಿ ಎಲ್ಲಾ" ಎಂದು ಆತ ಕಣ್ಣೊರೆಸಿಕೊಂಡ.

ಎಕ್ಸ್-ರೇ ಫೋಟೋ ತೆಗೆಸಿ ನೋಡಿದೆ. ಕಿವಿಯ ಹತ್ತಿರ ದವಡೆಯ ಕೀಲು ಮುರಿದಿತ್ತು. ಗದ್ದ ನೆಲಕ್ಕೆ ಬಡಿದರೆ ಪೆಟ್ಟು ಮೇಲಕ್ಕೆ ಹೋಗಿ ಅಲ್ಲಿಯೇ ಮುರಿಯುತ್ತದೆ. ಮುಷ್ಟಿಯ ಪೆಟ್ಟಾದರೆ ಸಾಮಾನ್ಯವಾಗಿ ದವಡೆಯ ಬದಿಗೆ ಮುರಿಯುತ್ತದೆ. ಸಿಸ್ಟರನ್ನು ಕರೆದು ತೋರಿಸಿ, "ನೋಡ್ರಿ, ಇದು ಬಿದ್ದದ್ದ. ಎಲುಬು ಸುಳ್ಳು ಹೇಳಂಗಿಲ್ಲ" ಎಂದೆ.

"ನೂಕಿದ್ರೂ ಗದ್ದನ ಬಡಿತೈತಲ್ರಿ?" ಎಂದರು ಸಿಸ್ಟರ್.

ಹೌದಲ್ಲ! ನನ್ನ ಇಷ್ಟು ವರ್ಷದ ವಿದ್ಯೆ ಅಲ್ಲಿಗೆ ತೆಪ್ಪಗಾಯಿತು.

ಮೇಲಿನ ಹಲ್ಲು, ಕೆಳಗಿನ ಹಲ್ಲು ಕೂಡಿಸಿ ತಂತಿಯಿಂದ ಬಿಗಿದೆ. ಕೆಲವು ವಾರ ಬಾಯಿ ತೆರೆಯುವಂತಿಲ್ಲ, ಏನಿದ್ದರೂ ಕೊಳವೆಯಲ್ಲಿ ಹೀರಬೇಕು. ತಂತಿ ಕಟ್ಟಿದರೂ ಹಲ್ಲು ಕಚ್ಚಿಕೊಂಡೇ ಒಂದಿಷ್ಟು ಮಾತಾಡಬಹುದು, ಊತ ಇಳಿದ ಮೇಲೆ ಹೆಚ್ಚಿನವರು ಮಾತಾಡುತ್ತಾರೆ. ನಮ್ಮ ಮಂದಿಗೆ ತಂತಿಯೇನು, ಬೀಗ ಹಾಕಿದರೂ ಮಾತು ನಿಲ್ಲುವುದಿಲ್ಲ. ಈ ಅಕ್ಕ ಮಾತ್ರ ಊತ ಇಳಿದರೂ ಒಂದಕ್ಷರ ಆಡಲಿಲ್ಲ. ಅಂಗೈ ಮಾಯ್ದ ಮೇಲೆ ಸಿಸ್ಟರ್ ಹಾಳೆ ಪೆನ್ನು ಕೊಟ್ಟರೆ ಅದನ್ನೂ ಪಕ್ಕಕ್ಕೆ ಸರಿಸಿದಳು.

ಯಾಕೆಂದು ನನಗೆ ಅರ್ಧ ಗೊತ್ತಿತ್ತು. ತಂತಿ ಬಿಗಿದ ಮರುದಿನ ಗಂಡನ ಅಣ್ಣ ಬಂದಿದ್ದ. ಅರಳೆ ವ್ಯಾಪಾರಿ, ಮನೆಯ ಹಿರಿಯ, ಮೆಲ್ಲಗೆ ಮಾತಾಡಿದರೂ ಮೂರು ವಾರ್ಡಿಗೆ ಕೇಳುವಂಥ ಗಂಟಲು. ಹಾಸಿಗೆಯ ಪಕ್ಕದಲ್ಲೇ ನಿಂತು ಆತ ತೀರ್ಪು ಕೊಟ್ಟ. "ಹೆಂಗಸರಿಗ್ಯಾಕ ಬೇಕು ಗಾಡಿ? ನಾ ಗಿರಾಕಿ ನೋಡೇನಿ. ಮಾರಿ ಕೈ ತೊಳಕೊಳ್ಳೂಣು." ಗಂಡ ಎರಡೂ ಕೈ ಕಟ್ಟಿಕೊಂಡು "ಹೂಂ ಅಣ್ಣಾ" ಎಂದ. ಅಣ್ಣ ಹಾಸಿಗೆಯ ಕಡೆ ತಿರುಗಿ, "ಏನವಾ, ಹೌದಿಲ್ಲೋ?" ಎಂದು ಕೇಳಿ, ತಂತಿ ಬಿಗಿದ ಬಾಯಿ ಸುಮ್ಮನಿದ್ದದ್ದು ಕಂಡು, "ನೋಡು, ಆಕಿನೂ ಬ್ಯಾಡ ಅನ್ನಲಿಲ್ಲ" ಎಂದು ನಡೆದ. ನನಗೆ ಆತನ ಬಾಯಿಗೂ ಒಂದು ತಂತಿ ಬಿಗಿಯಬೇಕೆನಿಸಿತು.

ಅವತ್ತಿನಿಂದ ಆಕೆ ಗಂಡನ ಕಡೆ ತಿರುಗಿ ನೋಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣುವುದೇ ಬಂದ್ ಆದರೆ ಜಗಳ ಮುಗಿಯುವುದು ಹೇಗೆ? ಸಿಸ್ಟರ್‌ಗೆ ಇಷ್ಟು ಸಾಕಾಯಿತು. ಹತ್ತಿರ ಕೂತು ತಲೆ ಸವರಿ, "ಗಂಡ ಹೊಡದಾನೇನವಾ?" ಎಂದು ಕೇಳಿದರು. ಅಕ್ಕ ಕಣ್ಣು ಮುಚ್ಚಿದಳು. "ಕಣ್ಣು ಮುಚ್ಚಿದ್ಲು ಅಂದ್ರ ಹೊಡದಾನ ಅಂತನ ಅರ್ಥ" ಎಂದು ಸಿಸ್ಟರ್ ನನಗೆ ವರದಿ ಒಪ್ಪಿಸಿದರು.

ಅಲ್ಲಿಂದ ಆ ಬಡಪಾಯಿ ಗಂಡನ ಪಾಡು ನಾಯಿಪಾಡಾಯಿತು. ದಿನಾ ಬೆಳಿಗ್ಗೆ ಶಿರಗುಪ್ಪಿಯಿಂದ ತಾನೇ ಕಾಸಿ ಸೋಸಿದ ಜೋಳದ ಅಂಬಲಿ ತರುತ್ತಿದ್ದ. ಸಿಸ್ಟರ್ ಬಾಗಿಲಲ್ಲೇ ತಡೆದು, "ಮೊದಲ ನೀವು ಕುಡೀರಿ" ಎನ್ನುತ್ತಿದ್ದರು. ಆತನಿಗೆ ಇದು ಆಸ್ಪತ್ರೆಯ ನಿಯಮವೆಂದು ತೋರಿರಬೇಕು, ಭಕ್ತಿಯಿಂದ ಅರ್ಧ ಬಟ್ಟಲು ಕುಡಿದು ತೋರಿಸುತ್ತಿದ್ದ. ಸತ್ತನೋ ಇಲ್ಲವೋ ಎಂದು ಸಿಸ್ಟರ್ ಸ್ವಲ್ಪ ಹೊತ್ತು ನೋಡಿ, ಆಮೇಲೆ ಉಳಿದದ್ದನ್ನು ಹೆಂಡತಿಗೆ ಕೊಡುತ್ತಿದ್ದರು.

ಇದರ ನಡುವೆ ನೋಡಿ ಮಾತಾಡಿಸಿಕೊಂಡು ಹೋಗುವ ಮಂದಿ ಬೇರೆ. ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಊರೇ ಟೆಂಪೋ ಮಾಡಿಕೊಂಡು ಬರುತ್ತದೆ, ಬರಿಗೈಲಿ ಅಂತೂ ಬರುವುದಿಲ್ಲ. ತಂತಿ ಬಿಗಿದ ರೊಟ್ಟಿ ಅಕ್ಕನಿಗೆ ಅವರು ತಂದದ್ದು ಏನು? ರೊಟ್ಟಿ! ಜತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ. ಒಬ್ಬೊಬ್ಬರೂ ಹತ್ತಿರ ಹೋಗಿ "ಉಂಡ್ಯಾ?" ಎಂದು ಕೇಳುವವರೇ. ಉತ್ತರ ಬರದಿದ್ದಾಗ ಗಂಡನ ಕಡೆ ಒಂದು ನೋಟ, ಆಮೇಲೆ ಗುಸುಗುಸು. ಸಿಸ್ಟರ್ ಹಚ್ಚಿದ ಬೆಂಕಿ ಅಷ್ಟರಲ್ಲಿ ಶಿರಗುಪ್ಪಿಗೂ ತಲುಪಿತ್ತು. ರೊಟ್ಟಿಯನ್ನು ವಾರ್ಡಿನವರೆಲ್ಲ ತಿಂದೆವು. ಚಟ್ನಿ ಛಲೋ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಅಪಘಾತದ ರೋಗಿ ಬಂದರೆ ಪೊಲೀಸರು ಹೇಳಿಕೆ ಬರೆದುಕೊಳ್ಳುವುದು ಪದ್ಧತಿ. ಊತ ಇಳಿಯಲೆಂದು ಕಾದು, ಆಸ್ಪತ್ರೆಯ ಪೊಲೀಸ್ ಚೌಕಿಯಿಂದ ಒಬ್ಬ ಹವಾಲ್ದಾರರು ಬಂದರು. ಸಿಸ್ಟರ್ ಮೊದಲೇ ಅವರ ಕಿವಿ ಊದಿದ್ದರು. ಹವಾಲ್ದಾರರೂ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ. ಬಂದವರೇ ಗಂಡನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಹಾಸಿಗೆಯ ಹತ್ತಿರ ಬಾಗಿ ಬೆಣ್ಣೆಯಂಥ ದನಿಯಲ್ಲಿ ಕೇಳಿದರು.

"ತಂಗಿ, ಹೆದರಬ್ಯಾಡ. ನಾ ಅದೇನಿ. ಯಾರ್ ಮಾಡಿದ್ರು ಇದನ್ನ?"

ಅಕ್ಕ ಗಂಡನ ಕಡೆ ನೋಡಿದಳು. ಬಹಳ ದಿನಗಳ ಮೇಲೆ ನೋಡಿದ್ದು. ಬಲಗೈ ಮುಂದೆ ಚಾಚಿ, ಮುಷ್ಟಿ ಹಿಡಿದು, ಮಣಿಕಟ್ಟನ್ನು ಗಿರ್ರೆಂದು ತಿರುವಿದಳು.

"ನೋಡಿದ್ರೆಲ್ಲಾ!" ಸಿಸ್ಟರ್ ಚೀರಿದರು. "ಕೈ ತಿರುವ್ಯಾನ! ಮೊದಲ ಕೈ ತಿರುವಿ, ಆಮ್ಯಾಲ ನೂಕ್ಯಾನ!"

ಹವಾಲ್ದಾರರ ಕೈ ಆಗಲೇ ಗಂಡನ ಕೊರಳಪಟ್ಟಿಯ ಹತ್ತಿರ ಹೋಗಿತ್ತು. ಆತ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅಕ್ಕ ಇನ್ನೊಮ್ಮೆ ಮುಷ್ಟಿ ತಿರುವಿದಳು. ಈ ಸಲ ಎಡಗೈಯನ್ನೂ ಮುಂದೆ ಚಾಚಿ ಬೆರಳು ಮಡಚಿದಳು. ನನಗೆ ಆಗ ಹೊಳೆಯಿತು. ದಿನಾ ಬೆಳಿಗ್ಗೆ ಮಾಳಮಡ್ಡಿಯಿಂದ ಧಾರವಾಡದ ಸ್ಟೇಶನ್ನಿನ ತನಕ ನಾನೂ ಅದನ್ನೇ ತಿರುವುತ್ತ, ಅದನ್ನೇ ಹಿಡಿಯುತ್ತ ಬರುತ್ತೇನಲ್ಲ!

"ಸಿಸ್ಟರ್, ಸುಮ್ಮನಿರ್ರಿ ಸ್ವಲ್ಪ! ಅದು ಕೈ ತಿರುವಿದ್ದಲ್ಲ, ಆಕ್ಸಿಲೇಟರ್. ಆ ಕೈಯಾಗಿಂದು ಬ್ರೇಕು." ಅಕ್ಕನ ಕಡೆ ತಿರುಗಿ ಕೇಳಿದೆ. "ಗಾಡಿ ಏನಾತು ಅಂತ ಕೇಳಾಕತ್ತೀರೇನ್ರಿ?"

ಆಕೆ ತಲೆ ಆಡಿಸಿದಳು. ಕಣ್ಣಿನಿಂದ ನೀರು ಗದ್ದದ ಮೇಲಿನ ಪಟ್ಟಿಗೆ ಇಳಿಯಿತು. ಎಲ್ಲರೂ ಗಂಡನ ಕಡೆ ನೋಡಿದೆವು.

"ಅಣ್ಣನ ಗೋದಾಮಿನ್ಯಾಗ ಐತ್ರಿ," ಎಂದ ಆತ ನೆಲ ನೋಡುತ್ತ. "ಇನ್ನೂ ಮಾರಿಲ್ಲ. ಗಿರಾಕಿ ಬರಾಂವ ಅದಾನ. ಅಣ್ಣ ಹೇಳಿದ ಮ್ಯಾಲ ನಾ ಏನ್ ಮಾಡ್ಲಿ?"

ಹವಾಲ್ದಾರರಿಗೆ ತಮ್ಮ ಕೆಲಸದ ಚಿಂತೆ. "ಅದಿರ್ಲಿ, ಈಗ ನಾ ಏನಂತ ಬರಕೊಳ್ಳಿ? ಕೆಡವಿದ್ದು ಯಾರು?"

"ಹಂದಿ," ಎಂದಿತು ಒಂದು ದನಿ.

ಯಾರೂ ಬಾಯಿ ತೆರೆದದ್ದು ಕಾಣಲಿಲ್ಲ. ಹಾಸಿಗೆಯ ಕಡೆಯಿಂದ ಬಂದಿತ್ತು. ಹಲ್ಲು ಬಿಗಿದುಕೊಂಡೇ ಅಕ್ಕ ಮುಂದುವರಿಸಿದಳು. "ಕರೀ ಹಂದಿ ಅಡ್ಡ ಬಂತ್ರಿ. ನಾನ ಬಿದ್ನಿ. ಅವರು ಮನ್ಯಾಗ ಇದ್ರು. ಬರಕೊಳ್ರಿ."

ಸಿಸ್ಟರ್ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ಇವಳ! ಇಷ್ಟ ದಿನಾ ಮಾತಾಡಾಕ ಬರ್ತಿತ್ತೇನವಾ ನಿನಗ? ಪಾಪ, ಈ ಮನಶ್ಯಾಗ ಒಂದ ಕುರ್ಚಿ ಕೊಟ್ಟಿಲ್ಲಲ್ಲ ನಾ!" ಎನ್ನುತ್ತ ದರದರ ಕುರ್ಚಿ ಎಳೆದು ತಂದರು. ಆತನಿಗೆ ಕೂಡಲು ಧೈರ್ಯವಾಗಲಿಲ್ಲ, ಕುರ್ಚಿಯ ಹಿಂದೆ ನಿಂತ.

ಮರುದಿನ ತಂತಿ ಬಿಗಿ ಮಾಡಲು ಹೋದಾಗ ನಾವಿಬ್ಬರೇ ಇದ್ದೆವು. ನಾನು ಸಿಟ್ಟಿನಿಂದಲೇ ಕೇಳಿದೆ. "ಅಲ್ರಿ ಅಕ್ಕಾರ, ಅವರ ಮ್ಯಾಲ ಎಂಥಾ ಹೆಸರು ಬಂತು ನೋಡಿದ್ರ್ಯಾ? ಒಂದ ಮಾತು ಅಂದಿದ್ರ ಮುಗೀತಿತ್ತು. ಯಾಕ ಸುಮ್ಮನಿದ್ರಿ?"

"ತಪ್ಪಾತ್ರಿ. ಅವರು ಒಂದಿನಾ ನನ್ನ ಮ್ಯಾಲ ಕೈ ಎತ್ತಿಲ್ರಿ, ದೇವರಂಥಾ ಮನಶ್ಯಾ," ಎಂದಳು. "ಆದ್ರ ಒಂದಿನಾ 'ನೀ ಏನಂತಿ' ಅಂತ ಕೇಳಿಲ್ರಿ. ಲಗ್ನಾ ಮಾಡಿ ಕೊಟ್ಟಾಗ ಕೇಳಲಿಲ್ಲ, ಮನಿಗೆ ತಂದಾಗ ಕೇಳಲಿಲ್ಲ. ಈಗ ಗಾಡಿ ಮಾರೂ ಮುಂದೂ ಕೇಳಲಿಲ್ಲ. ಬಾಯಿ ಛಲೋ ಇದ್ದಾಗ ಕೇಳದಾವರಿಗೆ, ಬಾಯಿ ಕಟ್ಟಿದಾಗ ನಾ ಏನ್ ಹೇಳ್ಲಿ?"

ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೇಳುವ ಕಿವಿಯೂ ಒಂದು ಬೇಕಲ್ಲ. ತಂತಿ ತಿರುವುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೆ, ಕಣ್ಣು ತುಂಬಿದ್ದು ಕಾಣಬಾರದೆಂದು.

ಆಕೆ ಊರಿಗೆ ಹೋಗಿ, ಕೆಲವು ವಾರಗಳ ಮೇಲೆ ತಂತಿ ಬಿಚ್ಚಿಸಿಕೊಳ್ಳಲು ಗಂಡನ ಜತೆ ಬಸ್ಸಿನಲ್ಲಿ ಬಂದಳು. ಗಾಡಿ ಇನ್ನೂ ಗೋದಾಮಿನಲ್ಲೇ ಇತ್ತು. ಕೀಲಿ ಗಂಡನ ಕಿಸೆಯಲ್ಲಿತ್ತು, ಅಣ್ಣ ಕೇಳಿದಾಗಲೆಲ್ಲ ಆತ ಮರೆತೆನೆಂದು ನೆಪ ಹೇಳುತ್ತ ದಿನ ತಳ್ಳಿದ್ದನಂತೆ. ಆತನ ಪಾಲಿಗೆ ಅದೇ ದೊಡ್ಡ ಪರಾಕ್ರಮ. ನಾನು ಒಂದೊಂದೇ ತಂತಿ ಕತ್ತರಿಸಿ ತೆಗೆದೆ. "ಸಾವಕಾಶ ಬಾಯಿ ತಗೀರಿ" ಎಂದೆ. ಒಂದು ಬೆರಳಿನಷ್ಟು ತೆರೆಯಿತು, ಮೊದಲ ದಿನಕ್ಕೆ ಅಷ್ಟು ಸಾಕು.

ಅದೇ ಹೊತ್ತಿಗೆ ಗಂಡನ ಫೋನು ರಿಂಗಾಯಿತು. ಅಣ್ಣನ ದನಿ ಕಿವಿಗೆ ಹಚ್ಚದೆಯೂ ನಮಗೆಲ್ಲ ಕೇಳಿಸಿತು.

"ಗಿರಾಕಿ ಬಂದು ಕುಂತಾನ. ಇವತ್ತ ಮುಗಿಸೂದೈತಿ. ಕೀಲಿ ಎಲ್ಲಿಟ್ಟಿ?"

"ಹೂಂ ಅಣ್ಣಾ," ಎಂದ ಆತ ರೂಢಿಯಂತೆ. ಕೈ ಕಿಸೆಗೆ ಹೋಯಿತು. ಅಲ್ಲೇ ನಿಂತಿತು. ಸಿಸ್ಟರ್ ಟ್ರೇ ಹಿಡಿದುಕೊಂಡು ನಿಂತಿದ್ದರು, ನಾನು ಇಕ್ಕಳ ಹಿಡಿದುಕೊಂಡಿದ್ದೆ. "ತಡಿ ಅಣ್ಣಾ" ಎಂದು ಆತ ಫೋನಿನ ಮೇಲೆ ಅಂಗೈ ಮುಚ್ಚಿ ಹೆಂಡತಿಯ ಕಡೆ ತಿರುಗಿದ.

"ಏನ್ ಹೇಳ್ಲಿ?"

ಅಕ್ಕ ಆತನನ್ನೇ ನೋಡಿದಳು. "ಯಾರ್ನ ಕೇಳಾಕತ್ತೀರಿ?"

"ನಿನ್ನ."

"ಇನ್ನೊಮ್ಮೆ ಕೇಳ್ರಿ."

ಆತನ ಅಂಗೈ ಫೋನಿನಿಂದ ಜಾರಿತು. ಆತ ಮತ್ತೆ ಮುಚ್ಚಲಿಲ್ಲ. ಅಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ. "ನೀ ಏನಂತಿ?"

"ಗಾಡಿ ನಂದು," ಎಂದಳು ಆಕೆ, ಸೆಟೆದ ದವಡೆಯಿಂದ ಒಂದೊಂದೇ ಮಾತು ಬಿಡಿಸಿ. "ಕೊಡಂಗಿಲ್ಲ."

"ಅಣ್ಣಾ, ಆಕಿ ಕೊಡಂಗಿಲ್ಲ ಅಂತಾಳ." ಆ ಕಡೆಯಿಂದ ಬೈಗುಳದ ಮಳೆ ಸುರಿಯಿತು. 'ಹೆಂಡ್ತಿ ಗುಲಾಮ' ಎಂಬುದರಿಂದ ಹಿಡಿದು 'ನೀ ಗಂಡಸೇನಲೇ' ಎಂಬುದರ ತನಕ ಎಲ್ಲ ಬಂತು. ಆತ ಕಣ್ಣು ಮುಚ್ಚಿಕೊಂಡು ಕೇಳಿದ. "ನಾನೂ ಕೊಡಂಗಿಲ್ಲ" ಎಂದು ಹೇಳಿ, ಬಹುಶಃ ಜೀವನದಲ್ಲಿ ಮೊದಲ ಸಲ ಅಣ್ಣನಿಗಿಂತ ಮೊದಲು ತಾನೇ ಫೋನು ಇಟ್ಟ.

ಅಕ್ಕ ನಗಲು ಹೋದಳು. ಹೊಸದಾಗಿ ಬಿಚ್ಚಿದ ದವಡೆ ನೊಂದು "ಯವ್ವಾ!" ಎಂದು ಗಲ್ಲ ಹಿಡಿದುಕೊಂಡಳು. ನಾನು "ನಗಬ್ಯಾಡ್ರಿ, ಇನ್ನೂ ಹಸಿ ಐತಿ" ಎಂದು ಗದರಿದೆ. ಆಕೆ ಎರಡೂ ಕೈಯಿಂದ ದವಡೆ ಒತ್ತಿ ಹಿಡಿದುಕೊಂಡು, ಅಳುತ್ತ, ನಗುತ್ತಲೇ ಇದ್ದಳು.